ಕಾಗದದ ಊರು ಫಾಬ್ರಿಯಾನೊ

ಗ್ರಂಥವೊಂದನ್ನು ಕೈಗೆತ್ತಿಕೊಂಡವನು ಮೊದಲು ಅದರ ಕರ್ತೃವನ್ನು ನೆನೆಯುತ್ತಾನೆ. ಸಹೃದಯನಾದರೆ ಅದನ್ನು ತಿದ್ದಿ ಅಚ್ಚುಮಾಡಿದವರನ್ನೂ ನೆನೆದಾನು. ಆದರೆ ಆ ಅಕ್ಷರಗಳನ್ನೆಲ್ಲ ಹೊತ್ತು ನಿಂತಿರುವ ಹಾಳೆಯನ್ನು ಮಾಡಿದವರು ಯಾರೆಂದು ಕೇಳುವವರು ವಿರಳ. ಹಾಳೆ ಚೆನ್ನಾಗಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಕೆಟ್ಟದ್ದಾದರೆ ಮಾತ್ರ ಶಾಯಿ ಹರಡಿ, ಹುಳು ಹಿಡಿದು, ಅಂಚು ಮುರಿದು ತನ್ನ ಇರವನ್ನು ಸಾರುತ್ತದೆ. ಹೀಗೆ ಕಣ್ಣಿಗೆ ಬೀಳದಂಥ ಒಳ್ಳೆಯ ಹಾಳೆಯನ್ನು ಯುರೋಪು ಖಂಡಕ್ಕೆ ಮಾಡಿ ತೋರಿಸಿದ ಊರು ಇಟಲಿ ದೇಶದ ಫಾಬ್ರಿಯಾನೊ. ರೋಮ್, ಫ್ಲಾರೆನ್ಸ್, ವೆನಿಸ್ ಮೊದಲಾದ ಮಹಾನಗರಗಳ ಕೀರ್ತಿಯ ಎದುರಿಗೆ ಇದು ಚಿಕ್ಕ ಊರು. ಜನಸಂಖ್ಯೆ ಸುಮಾರು ೩೦ ಸಾವಿರ. ಆದರೂ ವಿದ್ಯೆಯ ಇತಿಹಾಸದಲ್ಲಿ ಇದಕ್ಕೆ ದೊಡ್ಡ ಪೀಠವುಂಟು. ಈ ಊರಿನ ಚರಿತ್ರೆಯನ್ನೂ ಪ್ರೇಕ್ಷಣೀಯ ಸ್ಥಾನಗಳನ್ನೂ ಅದರ ಕಸುಬಿನ ಏಳುಬೀಳುಗಳನ್ನೂ ತಿಳಿಯುವುದು ಪುಸ್ತಕವನ್ನು ಪ್ರೀತಿಸುವವರಿಗೆಲ್ಲ ಉಚಿತವಾಗಿದೆ.

ನೆಲೆ ಮತ್ತು ಹೆಸರು

ಇಟಲಿಯ ಬೆನ್ನೆಲುಬಿನಂತೆ ಉತ್ತರದಿಂದ ದಕ್ಷಿಣಕ್ಕೆ ಹಬ್ಬಿರುವ ಅಪೆನೈನ್ ಪರ್ವತಶ್ರೇಣಿಯ ಪೂರ್ವಪಾರ್ಶ್ವದಲ್ಲಿ ಮಾರ್ಕೆ ಎಂಬ ಪ್ರಾಂತವಿದೆ. ಆ ಪ್ರಾಂತದ ಆಂಕೋನಾ ಜಿಲ್ಲೆಗೆ ಸೇರಿದ ಫಾಬ್ರಿಯಾನೊ, ಕಡಲತೀರದ ಆಂಕೋನಾ ಬಂದರಿನಿಂದ ಒಳನಾಡಿಗೆ ಸುಮಾರು ೭೦ ಕಿಲೋಮೀಟರು ದೂರದಲ್ಲಿ, ಬೆಟ್ಟಗಳ ನಡುವಣ ಕಣಿವೆಯಲ್ಲಿ, ಸಮುದ್ರಮಟ್ಟಕ್ಕಿಂತ ೩೨೫ ಮೀಟರಿನಷ್ಟು ಎತ್ತರದಲ್ಲಿ ನೆಲೆಸಿದೆ. ಊರಿನೊಳಗೆ ಹರಿಯುವ ಹೊಳೆಗೆ ಜಾನೊ ಎಂದು ಹೆಸರು. ಅದು ಮುಂದೆ ಎಸಿನೊ ನದಿಯನ್ನು ಕೂಡಿಕೊಳ್ಳುತ್ತದೆ. ಎಸಿನೊ ಏಡ್ರಿಯಾಟಿಕ್ ಸಮುದ್ರವನ್ನು ಸೇರುತ್ತದೆ. ಜಾನೊ ಮಹಾನದಿಯೇನೂ ಅಲ್ಲ. ಆದರೆ ಗಾಲಿಯನ್ನು ತಿರುಗಿಸುವಷ್ಟು ಓಟವೂ ಚಿಂದಿಯನ್ನು ತೊಳೆಯುವಷ್ಟು ನೀರೂ ಅದಕ್ಕಿದ್ದವು. ಊರಿನ ಭಾಗ್ಯಕ್ಕೆ ಅಷ್ಟು ಸಾಕಾಯಿತು.

ರೋಮನರ ಕಾಲದಲ್ಲಿ ಈ ಪರಿಸರದಲ್ಲಿ ಅತ್ತಿದಿಯುಮ್, ತುಫಿಕುಮ್ ಎಂಬ ಎರಡು ಪಟ್ಟಣಗಳಿದ್ದುವು. ಅವು ಹಾಳಾದ ಮೇಲೆ ಮಧ್ಯಯುಗದಲ್ಲಿ ಎರಡು ಚಿಕ್ಕ ಕೋಟೆಗಳು ಹೊಳೆಯ ಬಳಿಯಲ್ಲಿ ತಲೆಯೆತ್ತಿದುವು. ಅವೆರಡೂ ಒಂದುಗೂಡಿದ ಮೇಲೆಯೇ ಫಾಬ್ರಿಯಾನೊ ಎಂಬ ಪುರ ರೂಪುಗೊಂಡುದು. ಊರ ಹೆಸರನ್ನು ಕಮ್ಮಾರನೆಂಬ ಅರ್ಥದ 'ಫಾಬೆರ್' ಎಂಬ ಲ್ಯಾಟಿನ್ ಶಬ್ದಕ್ಕೆ ಜೋಡಿಸುವ ರೂಢಿಯಿದೆ. ಇದಕ್ಕೊಂದು ಐತಿಹ್ಯವೂ ಉಂಟು. ಎರಡು ಕೋಟೆಗಳ ಒಡೆಯರು ಒಬ್ಬರಿಗೊಬ್ಬರು ಹಗೆಗಳಾಗಿ ಕಾದಾಡುತ್ತಿದ್ದರಂತೆ. ಹೊಳೆಯ ದಂಡೆಯಲ್ಲಿ ಕುಲುಮೆ ಹೂಡಿದ್ದ ಮರೀನೊ ಎಂಬ ಕಮ್ಮಾರನು ಅವರನ್ನು ಸಂಧಿಗೆ ಒಡಂಬಡಿಸಿದನಂತೆ. ಶಬ್ದಶಾಸ್ತ್ರದ ಕಟ್ಟುನಿಟ್ಟಿಗೆ ಇದು ನಿಲ್ಲದಿರಬಹುದು. ಹಿಂದೆ ಆ ಭೂಮಿಯ ಒಡೆಯನಾಗಿದ್ದ ರೋಮನನೊಬ್ಬನ ಹೆಸರೇ ಊರಿಗೆ ಉಳಿಯಿತೆಂಬ ಅಭಿಪ್ರಾಯವೂ ಇದೆ. ಆದರೆ ಊರವರು ತಮ್ಮ ಲಾಂಛನಕ್ಕೆ ಆರಿಸಿಕೊಂಡುದು ಕಮ್ಮಾರನನ್ನೇ. ಸೇತುವೆಯ ಮೇಲೆ ಅಡಿಗಲ್ಲಿನ ಮುಂದೆ ಸುತ್ತಿಗೆಯೆತ್ತಿ ನಿಂತ ಕಮ್ಮಾರ, ಕೆಳಗೆ ಹರಿಯುವ ಹೊಳೆ: ಇದು ಪುರದ ಮುದ್ರೆ. ಕಮ್ಮಾರನು ಹೊಳೆಯ ಮೇಲೆ ಕಬ್ಬಿಣ ಬಡಿಯುವುದನ್ನೂ ಊರು ಕಾಗದವನ್ನು ಎಲ್ಲ ದೆಸೆಗೂ ಹರಡಿದುದನ್ನೂ ಅದರ ಲ್ಯಾಟಿನ್ ಧ್ಯೇಯವಾಕ್ಯ ಒಟ್ಟಿಗೆ ಸಾರುತ್ತದೆ. ರಾಜಚಿಹ್ನೆಗಳೆಂದರೆ ಸಿಂಹ, ಗರುಡ, ಖಡ್ಗಗಳೇ ಆಗಿದ್ದ ಕಾಲದಲ್ಲಿ ದುಡಿಯುವವನೊಬ್ಬನನ್ನು ಲಾಂಛನವಾಗಿ ಇಟ್ಟುಕೊಂಡುದು ಗಮನಾರ್ಹವಾಗಿದೆ.

ಎರಡು ಕೋಟೆಗಳ ಕೂಡುವಿಕೆಗೆ ಇಂದಿಗೂ ಸಾಕ್ಷಿಯಾಗಿ ನಿಂತಿರುವುದು ಪೊದೆಸ್ತಾ ಅರಮನೆ. ಪೊದೆಸ್ತಾ ಎಂದರೆ ಅಂದಿನ ಇಟಲಿಯ ಪುರಗಳ ನ್ಯಾಯಾಡಳಿತವನ್ನು ನಡೆಯಿಸುತ್ತಿದ್ದ ಮುಖ್ಯಾಧಿಕಾರಿ. ೧೨೫೫ರಲ್ಲಿ ಹೊಳೆಯ ಮೇಲೆ ಭಾರಿ ಕಮಾನೊಂದನ್ನು ಹಾಯಿಸಿ, ಆ ಕಮಾನಿನ ಮೇಲೆ ಬಿಳಿಗಲ್ಲಿನ ಈ ಸೌಧವನ್ನು ಎತ್ತಲಾಯಿತು. ಎರಡು ದಂಡೆಗಳ ನಡುವಣ ಸೇತುವೆಯೇ ನ್ಯಾಯಸ್ಥಾನವೂ ಆದುದು ಅರ್ಥವತ್ತಾಗಿದೆ. ಕಮಾನಿನ ಒಳಮೈಯಲ್ಲಿ ಅದೃಷ್ಟಚಕ್ರ ಮೊದಲಾದ ಪ್ರಾಚೀನ ಭಿತ್ತಿಚಿತ್ರಗಳ ಅವಶೇಷಗಳಿವೆ.

ಕಾಗದದ ಪಯಣ

ಫಾಬ್ರಿಯಾನೊ ಕಾಗದವನ್ನು ಕಂಡುಹಿಡಿಯಲಿಲ್ಲ. ಆ ಕೀರ್ತಿ ಚೀನ ದೇಶಕ್ಕೆ ಸಲ್ಲತಕ್ಕದ್ದು. ಕ್ರಿ.ಶ. ೧೦೫ರಲ್ಲಿ ತ್ಸಾಯ್ ಲುನ್ ಎಂಬ ಅಧಿಕಾರಿ ಕಾಗದ ಮಾಡುವ ವಿಧಾನವನ್ನು ಚಕ್ರವರ್ತಿಗೆ ನಿವೇದಿಸಿದನೆಂದು ಚೀನೀ ಇತಿಹಾಸ ಹೇಳುತ್ತದೆ. ೭೫೧ರ ತಲಾಸ್ ಯುದ್ಧದಲ್ಲಿ ಸೆರೆಸಿಕ್ಕ ಚೀನೀಯರಿಂದ ಸಮರ್ಕಂದದವರು ಈ ವಿದ್ಯೆಯನ್ನು ಕಲಿತರೆಂಬ ಐತಿಹ್ಯವಿದೆ. ಎಂಟನೆಯ ಶತಮಾನ ಮುಗಿಯುವುದರೊಳಗೆ ಬಾಗ್ದಾದಿನಲ್ಲಿ ಕಾಗದ ತಯಾರಾಗುತ್ತಿತ್ತು. ಹನ್ನೆರಡನೆಯ ಶತಮಾನದಲ್ಲಿ ಸ್ಪೇನಿನ ಅರಬರು ಉತ್ತಮ ಕಾಗದಕ್ಕೆ ಹೆಸರಾಗಿದ್ದರು.

ಈ ಪಯಣದ ಹೆಜ್ಜೆಗುರುತುಗಳು ಭಾಷೆಗಳಲ್ಲಿ ಉಳಿದುಕೊಂಡಿವೆ. ಕನ್ನಡದ 'ಕಾಗದ' ಪಾರಸಿ ಭಾಷೆಯ ಶಬ್ದದಿಂದ ಬಂದುದು. ಅಚ್ಚುಕೂಟದವರು ದಿನವೂ ಆಡುವ 'ರೀಮು' ಎಂಬ ಮಾತು ಇಂಗ್ಲಿಷಿನ ಮೂಲಕ ಬಂದುದಾದರೂ ಅದರ ಬೇರು ಕಟ್ಟು ಎಂಬರ್ಥದ 'ರಿಜ್ಮಾ' ಎಂಬ ಅರಬ್ಬೀ ಶಬ್ದದಲ್ಲಿದೆ. ಇಟಲಿಯವರೂ ಕಾಗದದ ಕಟ್ಟನ್ನು 'ರಿಸ್ಮಾ' ಎನ್ನುತ್ತಾರೆ. ಹೀಗೆ ಶಿವಮೊಗ್ಗೆಯ ಅಚ್ಚುಕೂಟದವನೂ ಫಾಬ್ರಿಯಾನೊದ ಕೆಲಸಗಾರನೂ ತಿಳಿಯದೆಯೇ ಒಂದೇ ಅರಬ್ಬೀ ಮಾತನ್ನು ಆಡುತ್ತಾರೆ.

ಹದಿಮೂರನೆಯ ಶತಮಾನದ ಯುರೋಪಿನಲ್ಲಿ ಕಾಗದಕ್ಕೆ ಮರ್ಯಾದೆಯಿರಲಿಲ್ಲ. ಅಂದಿನ ಬರಹದ ಮುಖ್ಯ ಸಾಧನ ಹದಮಾಡಿದ ಚರ್ಮ. ಅದು ಬಹುಕಾಲ ಬಾಳುವಂಥದು, ಆದರೆ ದುಬಾರಿ. ದೊಡ್ಡ ಗ್ರಂಥವೊಂದಕ್ಕೆ ಕುರಿಮಂದೆಯೇ ಬಲಿಯಾಗಬೇಕಿತ್ತು. ಕಾಗದವೋ ಅಗ್ಗ, ಆದರೆ ನಂಬಲಾಗದ್ದು. ೧೨೩೧ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕ್ ತನ್ನ ಸಿಸಿಲಿ ರಾಜ್ಯದಲ್ಲಿ ಸಾರ್ವಜನಿಕ ಪತ್ರಗಳನ್ನು ಕಾಗದದ ಮೇಲೆ ಬರೆಯಕೂಡದೆಂದು ಶಾಸನ ಮಾಡಿದನು. ಇದು ಬರಿಯ ಅಭಿಮಾನದ ಮಾತಲ್ಲ. ಅರಬರು ಹಾಳೆಗೆ ಗಂಜಿಯ ಲೇಪವನ್ನು ಕೊಡುತ್ತಿದ್ದರು. ಒಣಹವೆಯ ನಾಡುಗಳಲ್ಲಿ ಅದು ಸರಿ. ಯುರೋಪಿನ ಥಂಡಿಯಲ್ಲಿ ಗಂಜಿಗೆ ಬೂಷ್ಟು ಹಿಡಿಯುತ್ತಿತ್ತು, ಹುಳುಗಳು ಮುತ್ತುತ್ತಿದ್ದುವು. ಭೂಮಿಯ ಕ್ರಯಪತ್ರವೇ ಹುಡಿಯಾದರೆ ಹಕ್ಕನ್ನು ಸಾಧಿಸುವುದು ಹೇಗೆ? ಈ ಅಪನಂಬಿಕೆಯನ್ನು ತೊಡೆದುಹಾಕಿದುದೇ ಫಾಬ್ರಿಯಾನೊದ ಸಾಧನೆ.

ಮೂರು ಕಸುಬುಗಳು ಕೂಡಿದ ಬಗೆ

ಕಾಗದವಿದ್ಯೆ ಈ ಊರಿಗೆ ಯಾವ ದಾರಿಯಿಂದ ಬಂದಿತೆಂಬ ವಿಷಯದಲ್ಲಿ ಊಹೆಗಳುಂಟು. ಆಂಕೋನಾ ಬಂದರಿನ ವ್ಯಾಪಾರಿಗಳ ಮೂಲಕ ಬಂದಿರಬೇಕೆಂಬುದು ಅವುಗಳಲ್ಲೊಂದು. ಊರು ತನ್ನ ಕಾಗದದ ಚರಿತ್ರೆಯನ್ನು ೧೨೬೪ರಿಂದ ಎಣಿಸುತ್ತದೆ. ಮುಂದಿನ ಕೆಲವೇ ದಶಕಗಳಲ್ಲಿ ಇಲ್ಲಿ ಮೂರು ಸುಧಾರಣೆಗಳು ನೆಲೆಗೊಂಡುವು.

ಮೊದಲನೆಯದು ನೀರಿನಿಂದ ನಡೆಯುವ ಕೊಡತಿಗಳು. ಅಂದು ಕಾಗದಕ್ಕೆ ಮೂಲದ್ರವ್ಯ ನಾರಗಸೆ ಮತ್ತು ಸೆಣಬಿನ ಹಳೆಯ ಬಟ್ಟೆ. ಚಿಂದಿಯನ್ನು ಆರಿಸಿ, ಕತ್ತರಿಸಿ, ನೆನೆಯಿಟ್ಟು ಕೊಳೆಯಿಸಿ, ಎಳೆಯೆಳೆಯಾಗಿ ಬಿಡುವವರೆಗೆ ಜಜ್ಜಬೇಕು. ಅರಬರು ಇದನ್ನು ಒನಕೆಗಳಿಂದಲೂ ಬೀಸುಗಲ್ಲುಗಳಿಂದಲೂ ಮಾಡುತ್ತಿದ್ದರು. ಫಾಬ್ರಿಯಾನೊದಲ್ಲಿ ಉಣ್ಣೆಯ ಬಟ್ಟೆಯನ್ನು ತುಳಿದು ಗಟ್ಟಿಮಾಡುವ ಜಲಯಂತ್ರಗಳು ಮೊದಲೇ ಇದ್ದುವು. ಗಾಲಿ ತಿರುಗಿದಂತೆ ಅಚ್ಚಿನ ಹಲ್ಲುಗಳು ಮರದ ಕೊಡತಿಗಳನ್ನು ಎತ್ತಿ ಬಿಡುತ್ತಿದ್ದುವು. ಅದೇ ಯಂತ್ರವನ್ನು ಕಾಗದದವರು ತಮ್ಮ ಕೆಲಸಕ್ಕೆ ಒಗ್ಗಿಸಿಕೊಂಡರು. ಕೊಡತಿಯ ತಲೆಗೆ ಕಮ್ಮಾರರು ಕಬ್ಬಿಣದ ಮೊಳೆಗಳನ್ನು ಹೊಡೆದುಕೊಟ್ಟರು. ಮೊದಲ ಕಲ್ಲುದೊಣೆಯಲ್ಲಿ ಚೂಪಾದ ಮೊಳೆಗಳು ಬಟ್ಟೆಯನ್ನು ಹರಿದರೆ, ಮುಂದಿನ ದೊಣೆಗಳಲ್ಲಿ ಮೊಂಡು ಮೊಳೆಗಳೂ ಬರಿಯ ಮರದ ತಲೆಗಳೂ ಅದನ್ನು ನುಣ್ಣಗೆ ಮಾಡುತ್ತಿದ್ದುವು. ತಿರುಳು ಸಮವಾಯಿತು, ಶ್ರಮ ಕಡಿಮೆಯಾಯಿತು.

ಎರಡನೆಯದು ಲೇಪ. ಊರಿನಲ್ಲಿ ಚರ್ಮ ಹದಮಾಡುವವರಿದ್ದರು. ಅವರು ಕೆರೆದು ಬಿಸುಡುವ ಚೂರುಪಾರುಗಳನ್ನು ಕುದಿಸಿದರೆ ಅಂಟಾದ ಜೆಲಟಿನ್ ದ್ರವ ಬರುತ್ತದೆ. ಒಣಗಿದ ಹಾಳೆಗಳನ್ನು ಬಿಸಿಬಿಸಿಯಾದ ಈ ದ್ರವದಲ್ಲಿ ಅದ್ದಿ ತೆಗೆದು ಮತ್ತೆ ಒಣಗಿಸಲಾಗಿ ಹಾಳೆ ಗಟ್ಟಿಯಾಯಿತು, ಬೂಷ್ಟಿಗೂ ಹುಳುವಿಗೂ ಸುಲಭವಾಗಿ ತುತ್ತಾಗದಾಯಿತು. ಯುರೋಪಿನವರ ಹಕ್ಕಿಗರಿಯ ಮೊನಚು ಲೇಖನಿ ಅದರ ಮೇಲೆ ಹರಿದಾಡಿದರೂ ಎಳೆ ಏಳುತ್ತಿರಲಿಲ್ಲ, ಶಾಯಿ ಹರಡುತ್ತಿರಲಿಲ್ಲ. ಮೂರನೆಯದಾದ ಜಲಚಿಹ್ನೆಯ ವಿಚಾರ ಮುಂದೆ ಬರುತ್ತದೆ.

ಹಾಳೆ ಎತ್ತುವ ಕೆಲಸವೂ ಮೂವರ ಹೊಂದಾಣಿಕೆಯಿಂದ ಸಾಗತಕ್ಕದ್ದು. ಒಬ್ಬನು ಹಿತ್ತಾಳೆಯ ತಂತಿಗಳನ್ನು ಬಿಗಿದ ಚೌಕಟ್ಟನ್ನು ತಿರುಳು ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ಮೇಲೆತ್ತಿ, ಅತ್ತಿತ್ತ ಹದವಾಗಿ ಅಲುಗಿಸುತ್ತಾನೆ. ನೀರು ಸೋರಿ ಎಳೆಗಳು ಹೆಣೆದುಕೊಳ್ಳುತ್ತವೆ. ಎರಡನೆಯವನು ಆ ಹಸಿಪದರವನ್ನು ಉಣ್ಣೆಯ ಕಂಬಳಿಯ ಮೇಲೆ ಬೋರಲಿಕ್ಕಿ ಬಿಡಿಸುತ್ತಾನೆ. ಹೀಗೆ ಕಂಬಳಿಯೊಂದು ಹಾಳೆಯೊಂದು ಎಂಬಂತೆ ಪೇರಿಸಿದ ರಾಶಿಯನ್ನು ಒತ್ತುಯಂತ್ರದಲ್ಲಿ ಹಿಂಡಿದ ಮೇಲೆ, ಮೂರನೆಯವನು ಒಂದೊಂದೇ ಹಾಳೆಯನ್ನು ಹರಿಯದಂತೆ ಎತ್ತಿ ಬೇರೆಮಾಡುತ್ತಾನೆ. ಅನಂತರ ಅವು ಮೇಲಟ್ಟದ ಹಗ್ಗಗಳ ಮೇಲೆ ಗಾಳಿಗೆ ಆರುತ್ತವೆ. ಮೂವರಲ್ಲಿ ಒಬ್ಬನ ಕೈ ತಪ್ಪಿದರೂ ಹಾಳೆ ಕೆಡುತ್ತದೆ.

ಇಲ್ಲಿ ವಿಚಾರಿಸತಕ್ಕ ವಿಷಯವೊಂದುಂಟು. ಕಾಗದವನ್ನು ಉದ್ಧರಿಸಿದ ಈ ಸುಧಾರಣೆಗಳು ಯಾವ ಪಂಡಿತನ ಗ್ರಂಥದಿಂದಲೂ ಬಂದವಲ್ಲ. ನೇಕಾರನ ಯಂತ್ರ, ಕಮ್ಮಾರನ ಮೊಳೆ, ಚರ್ಮದವನು ಬಿಸುಟ ಚೂರು, ಇವು ಒಂದೇ ಹೊಳೆಯ ದಂಡೆಯಲ್ಲಿ ಕೂಡಿದಾಗ ಹುಟ್ಟಿದವು. ಬೇರೆ ಬೇರೆ ಕಸುಬಿನವರು ಬೇರೆ ಬೇರೆ ಊರುಗಳಲ್ಲಿದ್ದು ಒಬ್ಬರ ಕೆಲಸ ಇನ್ನೊಬ್ಬರ ಕಣ್ಣಿಗೆ ಬೀಳದೆ ಹೋಗಿದ್ದರೆ ಕಾಗದ ಇನ್ನೆಷ್ಟು ಕಾಲ ಅಗ್ಗದ ಸರಕಾಗಿಯೇ ಉಳಿಯುತ್ತಿತ್ತೋ ಹೇಳಲಾಗದು.

ಬೆಳಕಿಗೆ ಹಿಡಿದರೆ ಕಾಣುವ ಗುರುತು

ಚೌಕಟ್ಟಿನ ತಂತಿಜಾಲದ ಮೇಲೆ ಇನ್ನೊಂದು ತಂತಿಯನ್ನು ಬೇಕಾದ ಆಕಾರಕ್ಕೆ ಬಾಗಿಸಿ ಹೊಲಿದರೆ, ಅದು ಉಬ್ಬಿರುವೆಡೆಯಲ್ಲಿ ತಿರುಳು ತೆಳುವಾಗಿ ನಿಲ್ಲುತ್ತದೆ. ಹಾಳೆ ಒಣಗಿದ ಮೇಲೆ ಮೇಜಿನ ಮೇಲಿಟ್ಟು ನೋಡಿದರೆ ಏನೂ ಕಾಣದು. ಬೆಳಕಿಗೆ ಎದುರಾಗಿ ಹಿಡಿದರೆ ಆ ಆಕಾರ ಹೊಳೆದು ತೋರುತ್ತದೆ. ಇದೇ ಜಲಚಿಹ್ನೆ, ಇಟಲಿಯವರು ಇದನ್ನು 'ಫಿಲಿಗ್ರಾನಾ' ಎನ್ನುತ್ತಾರೆ. ಈವರೆಗೆ ಪ್ರಸಿದ್ಧವಾದ ಜಲಚಿಹ್ನೆಗಳಲ್ಲಿ ಅತ್ಯಂತ ಹಳೆಯದೆಂದು ೧೨೮೨ರದನ್ನು ಹೇಳುವುದು ವಾಡಿಕೆ. ಅದು ಶಿಲುಬೆಯ ಆಕಾರದ್ದು. ಮೊದಮೊದಲು ಶಿಲುಬೆ, ವೃತ್ತ, ಅಕ್ಷರಗಳಂಥ ಸರಳರೂಪಗಳಿದ್ದುವು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ತಯಾರಕರ ಹೆಸರುಗಳೇ ಹಾಳೆಯೊಳಗೆ ಮೂಡಿದುವು.

ಇದರ ಪ್ರಯೋಜನವೇನು? ಹಾಳೆ ಯಾರದೆಂದು ಗೊತ್ತಾದರೆ ಅದರ ಗುಣಕ್ಕೆ ಹೊಣೆಗಾರನಾರೆಂಬುದೂ ಗೊತ್ತಾಗುತ್ತದೆ. ದೂರದೇಶದ ವ್ಯಾಪಾರಿ ತಯಾರಕನ ಮುಖ ನೋಡದೆಯೇ ಗುರುತನ್ನು ನೋಡಿ ಕೊಳ್ಳಬಹುದಾಯಿತು. ಪ್ರಾತೊ ನಗರದ ಪ್ರಖ್ಯಾತ ವರ್ತಕ ಫ್ರಾನ್ಚೆಸ್ಕೊ ದಾತೀನಿ ಫಾಬ್ರಿಯಾನೊದ ಕಾಗದವನ್ನು ಹೊರನಾಡುಗಳಿಗೆ ಸಾಗಿಸುತ್ತಿದ್ದನು. ೧೪೧೦ರಲ್ಲಿ ತೀರಿಕೊಂಡ ಅವನ ಪತ್ರಭಂಡಾರ ಇಂದಿಗೂ ಪ್ರಾತೊದಲ್ಲಿ ಸುರಕ್ಷಿತವಾಗಿದೆ. ಗುರುತಿಗೆ ಬೆಲೆ ಬಂದ ಕೂಡಲೆ ಅದರ ಹಕ್ಕಿನ ಪ್ರಶ್ನೆಯೂ ಏಳುವುದು ಸಹಜ. ನೆರೆಯ ಸಾಸ್ಸೊಫೆರ್ರಾತೊ ಊರಿನವನೂ ಮಧ್ಯಯುಗದ ಮಹಾನ್ಯಾಯಶಾಸ್ತ್ರಜ್ಞನೂ ಆದ ಬಾರ್ತೊಲೊ, ಲಾಂಛನಗಳನ್ನು ಕುರಿತ ತನ್ನ ಲ್ಯಾಟಿನ್ ಪ್ರಬಂಧದಲ್ಲಿ ಫಾಬ್ರಿಯಾನೊದ ಕಾಗದವನ್ನು ಉದಾಹರಿಸಿ, ಪ್ರತಿ ಕಾರ್ಖಾನೆಗೂ ತನ್ನದೇ ಚಿಹ್ನೆಯುಂಟೆಂದು ಹೇಳಿ, ಅದು ಯಾರ ಸ್ವತ್ತೆಂಬುದನ್ನು ಚರ್ಚಿಸಿದನು. ಬಾರ್ತೊಲೊ ೧೩೫೭ರಲ್ಲಿ ಕಾಲವಾದನು. ಇಂದು ಜಗತ್ತಿನ ವಾಣಿಜ್ಯದಲ್ಲಿ ಮಾನ್ಯವಾಗಿರುವ ವ್ಯಾಪಾರಚಿಹ್ನೆಯ ನ್ಯಾಯವಿಚಾರಕ್ಕೆ ಈ ಚರ್ಚೆ ಒಂದು ಹಳೆಯ ಮೆಟ್ಟಿಲು.

ಜಲಚಿಹ್ನೆಯಿಂದ ಮತ್ತೊಂದು ಉಪಕಾರವೂ ಆಯಿತು. ಅದನ್ನು ಮಾಡಿದವರ ಕನಸಿನಲ್ಲಿಯೂ ಅದು ಇದ್ದಿರಲಾರದು. ಚೌಕಟ್ಟುಗಳು ಕೆಲವೇ ವರ್ಷಗಳಲ್ಲಿ ಸವೆದು ಹೋಗುತ್ತಿದ್ದುವು. ಹೊಸ ಚೌಕಟ್ಟಿನ ಗುರುತು ಹಳೆಯದಕ್ಕಿಂತ ಕೊಂಚವಾದರೂ ಬೇರೆಯಾಗುತ್ತಿತ್ತು. ಆದುದರಿಂದ ಕಾಲ ನಮೂದಿಸದ ಹಸ್ತಪ್ರತಿಯ ಹಾಳೆಯಲ್ಲಿರುವ ಚಿಹ್ನೆಯನ್ನು ಕಾಲ ತಿಳಿದ ಹಾಳೆಯ ಚಿಹ್ನೆಯೊಡನೆ ಹೋಲಿಸಿದರೆ ಹಸ್ತಪ್ರತಿಯ ಕಾಲ ಬಹುಮಟ್ಟಿಗೆ ನಿರ್ಣಯವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಾಬ್ರಿಯಾನೊದ ಜೊಂಗಿ ಸಹೋದರರಾದ ಔರೇಲಿಯೊ ಮತ್ತು ಔಗುಸ್ತೊ ಊರಿನ ಹಳೆಯ ಕಡತಗಳನ್ನು ಪರಿಶೋಧಿಸಿ ಎರಡು ಸಾವಿರಕ್ಕೂ ಹೆಚ್ಚು ಜಲಚಿಹ್ನೆಗಳನ್ನು ಸಂಗ್ರಹಿಸಿದರು. ೧೯೦೭ರಲ್ಲಿ ಶಾರ್ಲ್ ಬ್ರಿಕೆ ಎಂಬ ಜಿನೀವಾದ ವಿದ್ವಾಂಸನು ಯುರೋಪಿನ ೧೬ ಸಾವಿರಕ್ಕೂ ಮಿಕ್ಕ ಜಲಚಿಹ್ನೆಗಳ ಮಹಾಕೋಶವನ್ನು ಪ್ರಕಟಿಸಿದನು. ಗ್ರಂಥಸಂಪಾದನೆ ಮಾಡುವ ಪಂಡಿತನಿಗೆ ಇವು ದೀಪಗಳಿದ್ದಂತೆ. ಲಿಪಿಕಾರನು ಹೇಳದೆ ಬಿಟ್ಟುದನ್ನು ಹಾಳೆ ಹೇಳುತ್ತದೆ.

ಊರಿನ ಪ್ರೇಕ್ಷಣೀಯ ಸ್ಥಾನಗಳು

ಪೊದೆಸ್ತಾ ಅರಮನೆಯ ಮುಂದಿನ ಚೌಕದಲ್ಲಿ ಸ್ತುರಿನಾಲ್ತೊ ಎಂಬ ಕಾರಂಜಿಯಿದೆ. ೧೨೮೫ರಲ್ಲಿ ಯಾಕೊಪೊ ದಿ ಗ್ರೊಂದೊಲೊ ಎಂಬ ಶಿಲ್ಪಿ ಇದನ್ನು ಕಟ್ಟಿದನು. ವೃತ್ತಾಕಾರದ ಮೆಟ್ಟಿಲುಗಳ ಮೇಲೆ ಕಲ್ಲುತೊಟ್ಟಿಗಳು ಒಂದರ ಮೇಲೊಂದು ಎದ್ದಿವೆ. ನೆರೆಯ ಪೆರೂಜಾ ನಗರದ ಸುಪ್ರಸಿದ್ಧ ಕಾರಂಜಿಯನ್ನು ಇದು ನೆನಪಿಗೆ ತರುತ್ತದೆ. ಬದಿಯಲ್ಲಿ ಸಂತ ಫ್ರಾನ್ಸಿಸನ ಹೆಸರಿನ ಕಮಾನುಸಾಲಿನ ಪಡಸಾಲೆ ಚಾಚಿಕೊಂಡಿದೆ.

ಅಲ್ಲಿಂದ ಏರುದಾರಿಯಲ್ಲಿ ಸಂತ ವೆನಾಂತ್ಸಿಯೊನ ಪ್ರಧಾನ ದೇವಾಲಯವಿದೆ. ಹದಿನಾಲ್ಕನೆಯ ಶತಮಾನದ ಈ ಕಟ್ಟಡ ಹದಿನೇಳನೆಯ ಶತಮಾನದ ಆದಿಯಲ್ಲಿ ಬಹುಮಟ್ಟಿಗೆ ಹೊಸದಾಯಿತು. ಹಳೆಯ ಭಾಗದಲ್ಲಿ ಉಳಿದ ಸಂತ ಲೊರೆಂತ್ಸೊನ ಗುಡಿಯಲ್ಲಿ ಊರಿನವನೇ ಆದ ಅಲ್ಲೆಗ್ರೆತ್ತೊ ನುತ್ಸಿ ಬರೆದ ಭಿತ್ತಿಚಿತ್ರಗಳಿವೆ. ಹೊಸಭಾಗದಲ್ಲಿ ಓರಾತ್ಸಿಯೊ ಜೆಂತಿಲೆಸ್ಕಿಯ ಕುಂಚದ ಕೃತಿಗಳಿವೆ. ಈ ದೇವಾಲಯಕ್ಕೆ ರಕ್ತದ ನೆನಪೂ ಅಂಟಿಕೊಂಡಿದೆ. ಹದಿನಾಲ್ಕನೆಯ ಶತಮಾನದಿಂದ ಊರನ್ನಾಳುತ್ತಿದ್ದ ಕಿಯಾವೆಲ್ಲಿ ಮನೆತನದವರ ಮೇಲೆ ೧೪೩೫ರ ಮೇ ೨೬ರಂದು, ಹಬ್ಬದ ಪೂಜೆ ನಡೆಯುತ್ತಿರುವಾಗಲೇ, ಸಂಚುಗಾರರು ಎರಗಿ ಅವರನ್ನು ಕೊಂದರು. ಕೆಲವು ವರ್ಷಗಳ ಅನಿಶ್ಚಿತ ಸ್ಥಿತಿಯ ತರುವಾಯ ಊರು ಪೋಪನ ಆಳ್ವಿಕೆಗೆ ಒಳಪಟ್ಟಿತು. ರೋಮಿನಲ್ಲಿ ಪ್ಲೇಗು ತಲೆದೋರಿದಾಗ ವಿದ್ಯಾಪ್ರೇಮಿಯಾದ ಐದನೆಯ ನಿಕೊಲಾಸ್ ಪೋಪನು ೧೪೪೯ರಲ್ಲಿಯೂ ೧೪೫೦ರಲ್ಲಿಯೂ ಇಲ್ಲಿ ಬಂದು ತಂಗಿದ್ದನು. ವ್ಯಾಟಿಕನ್ ಗ್ರಂಥಭಂಡಾರಕ್ಕೆ ಅಸ್ತಿಭಾರ ಹಾಕಿದ ಆತನಿಗೆ ಕಾಗದದ ಊರು ಆಶ್ರಯವಿತ್ತುದು ಒಳ್ಳೆಯ ಯೋಗಾಯೋಗ.

ದೇವಾಲಯದ ಎದುರಿಗೆ ೧೪೫೬ರಲ್ಲಿ ಸ್ಥಾಪಿತವಾದ ಬುವೊನ್ ಜೆಸೂ ಎಂಬ ಪ್ರಾಚೀನ ಆಸ್ಪತ್ರೆಯ ಸೌಧವಿದೆ. ಈಗ ಅದು ಪುರದ ಚಿತ್ರಶಾಲೆ. ಊರಿನ ಹೆಸರನ್ನು ಚಿತ್ರಕಲೆಯ ಲೋಕದಲ್ಲಿ ಅಮರಗೊಳಿಸಿದವನು ಜೆಂತಿಲೆ ದಾ ಫಾಬ್ರಿಯಾನೊ. ಸುಮಾರು ೧೩೭೦ರಲ್ಲಿ ಹುಟ್ಟಿ ೧೪೨೭ರಲ್ಲಿ ರೋಮಿನಲ್ಲಿ ತೀರಿಕೊಂಡ ಈತನು ವೆನಿಸ್, ಬ್ರೆಶ್ಶಾ, ಫ್ಲಾರೆನ್ಸ್ ನಗರಗಳ ಮನ್ನಣೆ ಪಡೆದವನು. ಪೂರ್ವದೇಶದ ಜ್ಞಾನಿಗಳು ಶಿಶುವಾದ ಯೇಸುವಿಗೆ ಕಾಣಿಕೆಯೊಪ್ಪಿಸುವುದನ್ನು ಚಿತ್ರಿಸುವ ಅವನ ೧೪೨೩ರ ಕೃತಿ ಫ್ಲಾರೆನ್ಸಿನ ಉಫೀತ್ಸಿ ಚಿತ್ರಶಾಲೆಯಲ್ಲಿದೆ. ಫಾಬ್ರಿಯಾನೊದ ಸಮೀಪದ ವಾಲ್ಲೆ ರೊಮೀತಾ ಆಶ್ರಮಕ್ಕಾಗಿ ಬರೆದ ಬಹುಫಲಕಚಿತ್ರ ನೆಪೋಲಿಯನನ ಕಾಲದಲ್ಲಿ ಮಿಲಾನಿಗೆ ಸಾಗಿತು; ಇಂದು ಅದು ಅಲ್ಲಿನ ಬ್ರೇರಾ ಚಿತ್ರಶಾಲೆಯ ಭೂಷಣ. ೨೦೦೬ರಲ್ಲಿ ಇದೇ ಆಸ್ಪತ್ರೆಯ ಸೌಧದಲ್ಲಿ ಜೆಂತಿಲೆಯ ಮತ್ತು ಅವನ ಸಮಕಾಲೀನರ ಕೃತಿಗಳ ಮಹಾಪ್ರದರ್ಶನ ನಡೆಯಿತು.

ಎಲ್ಲಕ್ಕೂ ಮಿಗಿಲಾಗಿ ನೋಡತಕ್ಕದ್ದು ಹಿಂದೆ ಸಂತ ಡೊಮಿನಿಕನ ಪಂಥದವರ ಮಠವಾಗಿದ್ದ ಕಟ್ಟಡದಲ್ಲಿ ೧೯೮೪ರಲ್ಲಿ ತೆರೆದ ಕಾಗದ ಮತ್ತು ಜಲಚಿಹ್ನೆಗಳ ಸಂಗ್ರಹಾಲಯ. ಅಲ್ಲಿ ಕೊಡತಿಯ ಯಂತ್ರವನ್ನು ಹಳೆಯ ಮಾದರಿಯಲ್ಲಿ ನಿಲ್ಲಿಸಲಾಗಿದೆ. ಕುಶಲಿಗಳು ತೊಟ್ಟಿಯ ಮುಂದೆ ನಿಂತು ಕೈಯಿಂದ ಹಾಳೆ ಎತ್ತಿ ತೋರಿಸುತ್ತಾರೆ. ಶಾಲಾಮಕ್ಕಳೂ ಚೌಕಟ್ಟು ಹಿಡಿದು ಪ್ರಯತ್ನಿಸಬಹುದು.

ಗುಟ್ಟು ಹೊರಬಿದ್ದುದು

ವಿದ್ಯೆಯಿಂದ ಸಂಪತ್ತು ಬಂದರೆ ಅದನ್ನು ಮುಚ್ಚಿಟ್ಟುಕೊಳ್ಳುವ ಆಸೆಯೂ ಹುಟ್ಟುತ್ತದೆ. ಫಾಬ್ರಿಯಾನೊ ಹದಿನೈದನೆಯ ಶತಮಾನದಲ್ಲಿ, ಕಾಗದದ ಗುಟ್ಟನ್ನು ಹೊರಗಿನವರಿಗೆ ಕಲಿಸಕೂಡದೆಂದು ಕಟ್ಟಳೆ ಮಾಡಿತು. ಆದರೆ ಕುಶಲಿಗಳು ಅದಕ್ಕೆ ಮೊದಲೇ ಹೊರನಾಡುಗಳಿಗೆ ನಡೆದಿದ್ದರು. ೧೩೯೦ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಉಲ್ಮಾನ್ ಸ್ಟ್ರೋಮರ್ ಎಂಬ ವರ್ತಕನು ಕಾಗದದ ಕಾರ್ಖಾನೆಯನ್ನು ಆರಂಭಿಸಿದಾಗ, ಅವನು ಕರೆಸಿಕೊಂಡ ಇಟಲಿಯ ಕೆಲಸಗಾರರ ಹೆಸರುಗಳೊಡನೆ ಮಾರ್ಕೆ ಸೀಮೆಯ ಹೆಸರೂ ಸೇರಿತ್ತು. ಸ್ಟ್ರೋಮರನೂ ಸುಮ್ಮನಿರಲಿಲ್ಲ, ಈ ವಿದ್ಯೆಯನ್ನು ಬೇರೆಯವರಿಗೆ ಕಲಿಸುವುದಿಲ್ಲವೆಂದು ಕೆಲಸಗಾರರಿಂದ ಪ್ರಮಾಣ ಮಾಡಿಸಿಕೊಂಡನು, ಮಾತು ಕೇಳದವರನ್ನು ಕೂಡಿಹಾಕಿಯೂ ನೋಡಿದನು. ಬೀಗವೂ ಪ್ರಮಾಣವೂ ಎಲ್ಲಿಯೂ ಫಲಿಸಲಿಲ್ಲ. ಸುಮಾರು ೧೪೫೫ರಲ್ಲಿ ಗುಟೆನ್‌ಬರ್ಗನು ಬೈಬಲನ್ನು ಅಚ್ಚು ಹಾಕುವ ವೇಳೆಗೆ ಉತ್ತರ ಇಟಲಿಯ ಬೇರೆ ಕಾರ್ಖಾನೆಗಳೇ ಅವನಿಗೆ ಕಾಗದವನ್ನು ಒದಗಿಸುವಷ್ಟು ಬಲಿತಿದ್ದುವು. ಮುದ್ರಣವಿದ್ಯೆ ಹಬ್ಬಿದುದಕ್ಕೆ ಯಂತ್ರ ಎಷ್ಟು ಕಾರಣವೋ ಅಗ್ಗವಾದ, ನಂಬಿಕೆಗೆ ಯೋಗ್ಯವಾದ ಹಾಳೆಯೂ ಅಷ್ಟೇ ಕಾರಣ. ಗುಟ್ಟು ಗುಟ್ಟಾಗಿಯೇ ಉಳಿದಿದ್ದರೆ ಊರಿಗೆ ಲಾಭವಾಗುತ್ತಿತ್ತೇನೋ, ಲೋಕಕ್ಕೆ ನಷ್ಟವಾಗುತ್ತಿತ್ತು.

ಹದಿನೇಳನೆಯ ಶತಮಾನದಲ್ಲಿ ಡಚ್ಚರು ಚಿಂದಿಯನ್ನು ಅಲಗುಗಳಿಂದ ಬೇಗ ಅರೆಯುವ ಹೊಸ ಯಂತ್ರವನ್ನು ಕಂಡುಹಿಡಿದರು. ಸ್ಪರ್ಧೆಯಲ್ಲಿ ಫಾಬ್ರಿಯಾನೊ ಹಿಂದೆ ಬಿದ್ದಿತು. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದುವು. ಮತ್ತೆ ಪ್ರಾಣ ತುಂಬಿದವನು ಪಿಯೆತ್ರೊ ಮಿಲಿಯಾನಿ. ೧೭೮೨ರಲ್ಲಿ ಅವನು ಆರಂಭಿಸಿದ ಕಾರ್ಖಾನೆ ಗುಣವೊಂದನ್ನೇ ನೆಚ್ಚಿ ಬೆಳೆಯಿತು. ಅಕ್ಷರಶಿಲ್ಪಿಯೆಂದು ಜಗತ್ತು ಕೊಂಡಾಡುವ ಪಾರ್ಮಾ ನಗರದ ಮುದ್ರಕ ಬೊದೋನಿಗೆ ಮಿಲಿಯಾನಿ ಕಾಗದವನ್ನು ಒದಗಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಮೇಣದ ಮೇಲೆ ಕೆತ್ತಿದ ಪ್ರತಿಮೆಯಿಂದ ತಂತಿಜಾಲಕ್ಕೆ ಉಬ್ಬುತಗ್ಗುಗಳನ್ನು ಕೊಡುವ ಕ್ರಮ ಬಲಿತು, ಬರಿಯ ಗೆರೆಯಾಗಿದ್ದ ಜಲಚಿಹ್ನೆ ನೆರಳುಬೆಳಕುಗಳ ಮುಖಚಿತ್ರವಾಗುವ ಮಟ್ಟಕ್ಕೆ ಏರಿತು. ಹೀಗೆ ಖೋಟಾ ಮಾಡಲಾಗದ ಹಾಳೆ ದೊರೆತುದರಿಂದ ಇಟಲಿಯ ಹಣದ ನೋಟುಗಳಿಗೂ, ೨೦೦೨ರಲ್ಲಿ ಚಲಾವಣೆಗೆ ಬಂದ ಯೂರೋ ನೋಟುಗಳಿಗೂ ಈ ಊರಿನ ಕಾರ್ಖಾನೆಗಳು ಕಾಗದವನ್ನು ಮಾಡಿಕೊಟ್ಟುವು.

ಇಂದಿನ ಫಾಬ್ರಿಯಾನೊ

ಇಪ್ಪತ್ತನೆಯ ಶತಮಾನದಲ್ಲಿ ಊರು ಇನ್ನೊಂದು ಉದ್ಯಮವನ್ನೂ ಕಂಡಿತು. ೧೯೩೦ರಲ್ಲಿ ಅರಿಸ್ತೀದೆ ಮೆರ್ಲೋನಿ ಎಂಬವರು ಫಾಬ್ರಿಯಾನೊಗೆ ಸೇರಿದ ಅಲ್ಬಚೀನಾ ಗ್ರಾಮದಲ್ಲಿ ತಕ್ಕಡಿ ತಯಾರಿಸುವ ಕಾರ್ಖಾನೆಯನ್ನು ತೆರೆದರು. ಅದು ಮುಂದೆ ಬಟ್ಟೆ ಒಗೆಯುವ ಯಂತ್ರ, ಶೀತಕ ಮೊದಲಾದ ಗೃಹೋಪಕರಣಗಳ ದೊಡ್ಡ ಉದ್ಯಮವಾಗಿ ಬೆಳೆದು ಸುತ್ತಣ ಹಳ್ಳಿಗಳ ಜನಕ್ಕೆ ಅನ್ನವಾಯಿತು. ೨೦೦೮ರ ಅನಂತರದ ಆರ್ಥಿಕ ಸಂಕಟದಲ್ಲಿ ಈ ಉದ್ಯಮ ಕುಸಿಯಿತು. ೨೦೧೪ರಲ್ಲಿ ಅದರ ಪ್ರಮುಖ ಸಂಸ್ಥೆಯಾದ ಇಂದೆಸಿತ್ ಅಮೆರಿಕದ ವರ್ಲ್‌ಪೂಲ್ ಕಂಪೆನಿಯ ಪಾಲಾಯಿತು. ಪ್ರಕೃತಿಯ ಕೋಪವೂ ತಪ್ಪಲಿಲ್ಲ. ೧೭೪೧ರಲ್ಲಿ ನಡುಗಿದ್ದ ಭೂಮಿ ೧೯೯೭ರ ಸೆಪ್ಟೆಂಬರಿನಲ್ಲಿ ಮತ್ತೆ ನಡುಗಿ ಪ್ರಾಚೀನ ಕಟ್ಟ­ಡಗಳಿಗೆ ಹಾನಿಮಾಡಿತು, ಅವುಗಳ ಜೀರ್ಣೋದ್ಧಾರವಾಯಿತು.

ಕಾಗದದ ಕಾರ್ಖಾನೆ ೨೦೦೨ರಲ್ಲಿ ಸರಕಾರದ ಕೈಯಿಂದ ಫೆದ್ರಿಗೋನಿ ಎಂಬ ಖಾಸಗಿ ಸಂಸ್ಥೆಯ ಕೈಗೆ ಬಂದಿತು. ೨೦೧೩ರಲ್ಲಿ ಯುನೆಸ್ಕೊ ಸಂಸ್ಥೆ ಫಾಬ್ರಿಯಾನೊವನ್ನು ಕುಶಲಕಲೆ ಮತ್ತು ಜನಪದಕಲೆಗಳ ವಿಭಾಗದಲ್ಲಿ ಸೃಜನಶೀಲ ನಗರವೆಂದು ಮನ್ನಿಸಿತು. ೨೦೧೯ರ ಜೂನ್ ತಿಂಗಳಲ್ಲಿ ಅಂಥ ನಗರಗಳ ವಾರ್ಷಿಕ ಸಮ್ಮೇಳನವೂ ಇಲ್ಲಿಯೇ ನೆರವೇರಿತು. ಆದರೆ ೨೦೨೪ರ ಅಕ್ಟೋಬರಿನಲ್ಲಿ, ಕಚೇರಿಗಳ ನಕಲುಯಂತ್ರಗಳಿಗೆ ಬೇಕಾದ ಸಾಮಾನ್ಯ ಕಾಗದದ ತಯಾರಿಕೆಯನ್ನು ಇಲ್ಲಿ ನಿಲ್ಲಿಸಲಾಗುವುದೆಂಬ ಪ್ರಕಟನೆ ಹೊರಬಿದ್ದಿತು. ಕಚೇರಿಗಳಲ್ಲಿ ಕಾಗದದ ಬಳಕೆ ಇಳಿಮುಖವಾದುದು ಅದಕ್ಕೆ ಹೇಳಿದ ಕಾರಣ. ನೂರಕ್ಕೂ ಹೆಚ್ಚು ಮಂದಿ ಕೆಲಸಗಾರರ ಬಾಳು ತೂಗುಯ್ಯಾಲೆಗೆ ಬಿದ್ದಿತು; ಊರಿನಲ್ಲಿ ಪ್ರತಿಭಟನೆಗಳಾದುವು. ಚಿತ್ರಕಾರರಿಗೂ ಲೇಖಕರಿಗೂ ಬೇಕಾದ ಉತ್ತಮ ಹಾಳೆಗಳಿಂದ ಊರಿನ ಹೆಸರು ಉಳಿದಿದೆ ನಿಜ. ಆದರೆ ಹೆಸರು ಉಳಿಯುವುದು ಬೇರೆ, ಕೆಲಸಗಾರನ ಮನೆಯಲ್ಲಿ ಒಲೆ ಉರಿಯುವುದು ಬೇರೆ. ಕಸುಬು ಸಂಗ್ರಹಾಲಯದಲ್ಲಿ ಮಾತ್ರ ಉಳಿದರೆ ಅದನ್ನು ನೋಡಬಹುದು; ಅದರಿಂದ ಬಾಳಲಾಗದು.

ಫಾಬ್ರಿಯಾನೊದ ಏಳು ಶತಮಾನಗಳ ಕಥೆಯಿಂದ ವಿದ್ಯಾರ್ಥಿಗಳು ತಿಳಿಯತಕ್ಕುದು ಇಷ್ಟು. ವಿದ್ಯೆ ಪಂಡಿತನ ನಾಲಗೆಯಿಂದಷ್ಟೇ ಬೆಳೆಯುವುದಿಲ್ಲ. ಚಿಂದಿ ಆಯ್ದವಳು, ಮೊಳೆ ಹೊಡೆದವನು, ತಣ್ಣೀರಿನಲ್ಲಿ ಕೈಯಿಟ್ಟು ಹಾಳೆ ಎತ್ತಿದವನು, ಇವರೆಲ್ಲರ ದುಡಿಮೆ ಅದಕ್ಕೆ ಆಧಾರವಾಗಿದೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಕಂಡು ಕಲಿತಾಗ ಊರು ಬೆಳೆಯಿತು. ಕಲಿಸಲಾರೆವೆಂದು ಬಾಗಿಲಿಕ್ಕಿದಾಗಲೂ ವಿದ್ಯೆ ಬೇರೆ ದಾರಿ ಹಿಡಿದು ನಡೆಯಿತು. ಗುಣವನ್ನು ಬಿಡದೆ ಹಿಡಿದಾಗ ಊರು ಮತ್ತೆ ಎದ್ದಿತು. ಇನ್ನು ಮುಂದೆ ಹಳೆಯ ಹಾಳೆಯೊಂದು ಕೈಗೆ ಸಿಕ್ಕಿದರೆ ಅದರ ಮೇಲಿನ ಬರಹವನ್ನು ಓದಿದ ತರುವಾಯ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಒಳಗೆ ಯಾವನೋ ಕೆಲಸಗಾರನ ಗುರುತು ಮೂಡಿದ್ದರೆ, ಗ್ರಂಥಕರ್ತೃವಿಗೆ ಸಲ್ಲುವ ವಂದನೆಯಲ್ಲಿ ಅವನಿಗೂ ಒಂದು ಪಾಲು ಸಲ್ಲಬೇಕು.